ಅರಸನ ಹೆಬ್ಬೆರಳು

"ಕೇಳಿರಯ್ಯಾ ಕೇಳಿ! ಅರಸುಮಗಳು ಹೊನ್ನಾಂಬೆ ಮೂರು ಒಗಟು ಹೇಳುತ್ತಾಳೆ. ಬಿಡಿಸಿದವನು ಕೇಳಿದ್ದನ್ನು ಅರಸ ನಡೆಸಿಕೊಡುತ್ತಾನೆ. ತಪ್ಪಿದವನ ತಲೆ ಅಮಾವಾಸ್ಯೆಗೆ ಉರುಳುತ್ತದೆ!" ಎಂದು ಡಂಗುರ ಸಾರಿದರು.

ತಲೆಯ ಷರತ್ತು ಹಾಕಿದವನು ಅರಸ ಕಾಚಭೂಪ. ಅವನ ಕಾಲಿನ ಹೆಬ್ಬೆರಳು ಕಪ್ಪಿಟ್ಟಿತ್ತು. ಕಾರಣ ಹೇಳಿದ ವೈದ್ಯರನ್ನು ಗಡಿ ದಾಟಿಸಿದ್ದ. ಆದರೆ ಒಗಟಿನ ಉತ್ತರಕ್ಕೆ ಸಿಟ್ಟಾಗಬಾರದೆಂಬುದು ಆ ಮನೆತನದ ಕಟ್ಟಳೆ. ಅದಕ್ಕೇ ಮಗಳು ವೈದ್ಯರ ಮಾತನ್ನೇ ಒಗಟು ಮಾಡಿದ್ದಳು.

"ಮನೆ ತುಂಬ ಬೆಲ್ಲ, ಮನೆಯವರಿಗೆ ಉಪವಾಸ. ಯಾವ ಮನೆ?"

"ಜಿಪುಣನ ಮನೆ" ಎಂದ ಮಾಂಡಲಿಕನೊಬ್ಬ ಸೆರೆಮನೆ ಸೇರಿದ. "ಆಲೆಮನೆ" ಎಂದ ದಳಪತಿಯ ಮಗನೂ ಅವನ ಹಿಂದೆಯೇ ಹೋದ.

ಮೂರನೆಯವನು ಬುಟ್ಟಿ ಹೆಣೆಯುವ ಕೇತ. ಬೆನ್ನ ಮೇಲಿನ ಬುಟ್ಟಿಯಲ್ಲಿ, ಕಂಬಳಿ ಹೊದ್ದ ಅಪ್ಪ.

"ಏನೋ, ಹೆಣ್ಣು ಕೇಳಲು ಅಪ್ಪನನ್ನೂ ಹೊತ್ತು ತಂದೆಯಾ?" ಎಂದು ಸಭೆ ನಕ್ಕಿತು.

"ತಲೆ ಹೋದರೆ ತುಂಬಿಕೊಳ್ಳಲು ಬುಟ್ಟಿ ಬೇಕಲ್ಲ ಸ್ವಾಮಿ" ಎಂದ ಮುದುಕ.

ಬರಬೇಕೆಂದು ಹಟ ಹಿಡಿದವನೇ ಅವನು. ತಾನು ಸೋತರೆ ಅಪ್ಪನನ್ನು ಹೊರುವವರಿಲ್ಲವೆಂದು ಕೇತನಿಗೆ ಗೊತ್ತಿತ್ತು. ಆದರೂ ಹೊನ್ನಾಂಬೆಗೆ ಕೈಮುಗಿದು ಉತ್ತರ ಹೇಳಿದ.

"ಸಿಹಿಮೂತ್ರದವನ ಮೈ, ತಾಯಿ. ನೆತ್ತರಲ್ಲಿ ಸಕ್ಕರೆ ತುಂಬಿದ್ದರೂ ಅದನ್ನು ಮಾಂಸದೊಳಗೆ ಬಿಡುವ ಬಾಗಿಲು ಸರಿಯಾಗಿ ತೆರೆಯದು. ಮಾಂಸ ಹಸಿದೇ ಇರುತ್ತದೆ."

ಅರಸ ಹುಕ್ಕಾದ ಕೊಳವೆಯನ್ನು ಬಾಯಿಂದ ತೆಗೆದ.

"ಬಾಯಿಂದ ನುಗ್ಗಿ, ಆ ಬಾಗಿಲು ಕಾಯುವವನನ್ನು ಮಂಕು ಮಾಡಿ, ಬೀದಿಯನ್ನೂ ಕಿರಿದು ಮಾಡಿ, ಮೂಗಿನಿಂದ ಹೋಗುವ ಕಳ್ಳ ಯಾರು?" ಎಂದು ಹೊನ್ನಾಂಬೆ ಎರಡನೆಯದನ್ನು ಕೇಳಿದಳು.

"ಹೊಗೆ" ಎಂದ ಕೇತ.

"ಎಲಾ! ನನ್ನೆದುರಿಗೇ?" ಅರಸ ಎದ್ದ. ಪಕ್ಕದಲ್ಲಿದ್ದ ತಲೆ ಕಡಿಯುವ ಕಟುಕ ಕತ್ತಿಗೆ ಕೈ ಹಾಕಿದ.

"ಅಪ್ಪಾಜಿ, ಕಟ್ಟಳೆ" ಎಂದಳು ಹೊನ್ನಾಂಬೆ. ಅರಸ ಕೂತ. ಅವಳು ಅವನ ಕಾಲಿನ ಕಡೆ ನೋಡುತ್ತಾ ಮೂರನೆಯದನ್ನು ಕೇಳಿದಳು. "ಆ ಕಳ್ಳ ಆ ಮನೆ ಹೊಕ್ಕರೆ ಮೊದಲು ಸಾಯುವವನು ಯಾರು? ಅವನ ಕೂಗು ಒಡೆಯನಿಗೆ ಕೇಳಿಸದೇಕೆ?"

"ಪಾದ. ಅದು ನೆತ್ತರ ಬೀದಿಯ ಕೊನೆಯ ಮನೆ. ಬೀದಿ ಕಿರಿದಾದರೆ ಅಲ್ಲಿಗೆ ಏನೂ ತಲುಪದು. ಜೋಮು ಹಿಡಿದಿರುವುದರಿಂದ ನೋವೂ ತಿಳಿಯದು."

ಮುದುಕ ಕಂಬಳಿ ಸರಿಸಿದ. ಬಲಗಾಲು ಮೊಣಕಾಲಿಗೇ ಮುಗಿದಿತ್ತು. "ಮುಳ್ಳು ಹೊಕ್ಕಿದ್ದು ನನಗೆ ಗೊತ್ತೇ ಆಗಲಿಲ್ಲ ದೊರೆ. ಚುಟ್ಟಾ ಸೇದುತ್ತಾ ಕೂತಿದ್ದೆ."

ಯಾರೂ ನಗಲಿಲ್ಲ.

"ಮೂರೂ ಸರಿ" ಎಂದಳು ಹೊನ್ನಾಂಬೆ.

ಅರಸ ಬಗ್ಗಿ ತನ್ನ ಕಾಲನ್ನು ಮುಟ್ಟಿ ನೋಡಿದ. "ನನ್ನದೂ ಹೋಗುತ್ತದೆಯೇ?"

"ಹೊಗೆ ಬಿಟ್ಟು, ಬಾಯಿ ಕಟ್ಟಿ, ವೈದ್ಯರ ಮಾತು ಕೇಳಿದರೆ ಉಳಿದೀತು. ನಾನು ಕೇಳಲಿಲ್ಲ" ಎಂದ ಮುದುಕ.

"ನನ್ನ ಕೋರಿಕೆಯೂ ಅದೇ" ಎಂದ ಕೇತ. "ಹುಕ್ಕಾ ಬಿಡಿ. ವೈದ್ಯರನ್ನು ಕರೆಸಿ. ಸೆರೆಯವರನ್ನು ಬಿಟ್ಟುಬಿಡಿ."

"ಆಯಿತು. ನಿನಗೇನು ಬೇಕು?"

ಕೇತ ಹೊನ್ನಾಂಬೆಯ ಕಡೆ ನೋಡಿ ತಲೆ ತಗ್ಗಿಸಿದ. "ಹೆಂಡತಿ ಬೇಕು, ಕೇಳಲು ನಾಚಿಕೆ" ಎಂದ ಮುದುಕ. ಹೊನ್ನಾಂಬೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಹೆಬ್ಬೆರಳು ಹೋಯಿತು, ಕಾಲು ಉಳಿಯಿತು. ಮದುವೆಯ ದಿನ ಅರಸ ತಾನೇ ನಡೆದು ಬಂದು ಧಾರೆ ಎರೆದ. ವಾಲಗ ಜೋರಾದಾಗ ಮುದುಕ ಅವನ ಹೆಗಲ ಮೇಲೆ ಕೈ ಹಾಕಿದ.

"ಬೀಗರೇ, ನಮ್ಮಿಬ್ಬರಿಗೂ ಸೇರಿ ಮೂರು ಕಾಲಿವೆ. ಕುಣಿಯಲು ಸಾಕು, ಏಳಿ."