ತವರಿಗೆ ಹೋದ ಗಾಳಿ

ಭೂಮಿ ಆಗಿನ್ನೂ ಹೊಸದು. ಬೆಟ್ಟಗಳ ಮೈ ಆಗಷ್ಟೇ ಆರಿತ್ತು, ನದಿಗಳು ದಾರಿ ಕಲಿಯುತ್ತಿದ್ದವು. ಒಲೆಯಿಂದ ಹೊಗೆ ಎದ್ದರೆ ಸಾಕು, ಗಾಳಿ ಓಡಿಬಂದು ಎತ್ತಿಕೊಂಡು ಹೋಗುತ್ತಿದ್ದಳು. ಮೇಲಿನಿಂದ ನೋಡುವ ಚಂದಮಾಮನಿಗೆ ಭೂಮಿ ತೊಳೆದಿಟ್ಟ ಬಟ್ಟಲಿನಂತೆ ಹೊಳೆಯುತ್ತಿತ್ತು.

ಬಯಲಿನ ಹಟ್ಟಿಯೊಂದರಲ್ಲಿ ಮಾಳವ್ವ ಎಂಬ ತಾಯಿ ಇದ್ದಳು. ಅವಳ ಮಡಿಲಲ್ಲಿ ಇನ್ನೂ ಹಲ್ಲು ಬಾರದ ಕೂಸು ಚೆನ್ನಿ.

ಒಂದು ಚಳಿಗಾಲ ಗಾಳಿ ಬರಲೇ ಇಲ್ಲ. ಚಳಿ ತಾಳಲಾರದೆ ಜನ ಮನೆಗೊಂದು ಬೆಂಕಿ ಹಾಕಿದರು, ಅಂಗಳಕ್ಕೊಂದು ಬೆಂಕಿ ಹಾಕಿದರು, ದನದ ಕೊಟ್ಟಿಗೆಗೂ ಒಂದು ಬೆಂಕಿ ಹಾಕಿದರು. ಹೊಗೆ ಮೇಲೇಳಲು ನೋಡಿತು. ಎತ್ತಿಕೊಳ್ಳುವವರಿಲ್ಲದೆ ಸೂರಿನ ಮೇಲೆ, ಹೊಲದ ಮೇಲೆ ಮಲಗಿಬಿಟ್ಟಿತು.

ಚೆನ್ನಿ ಕೆಮ್ಮಿದಳು. ಕೆಮ್ಮಿ ಕೆಮ್ಮಿ ಹಾಲು ಕುಡಿಯುವುದನ್ನೂ ಬಿಟ್ಟಳು.

ಮಾಳವ್ವ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಬೆಳಗ್ಗೆಯೇ ಬೆಟ್ಟ ಹತ್ತಿದಳು. ಹತ್ತುತ್ತಾ ಹತ್ತುತ್ತಾ ಹೊಗೆ ಕೆಳಗುಳಿಯಿತು. ತಿರುಗಿ ನೋಡಿದರೆ ಊರಿಲ್ಲ, ಹೊಲವಿಲ್ಲ, ನದಿಯಿಲ್ಲ. ಎಲ್ಲಾ ಬೂದಿ ಸುರಿದಂತೆ.

ಮುಳುಗಲಿದ್ದ ಚಂದಮಾಮ ಹೇಳಿದ, "ನನಗೂ ನಿಮ್ಮೂರು ಕಾಣದೆ ಎಷ್ಟೋ ದಿನವಾಯಿತು ತಂಗೀ. ಗಾಳಿ ಬೆಟ್ಟದಾಚೆ ಕಡಲ ದಂಡೆಯಲ್ಲಿದ್ದಾಳೆ. ಜೋರಾಗಿ ಕೂಗು."

"ಗಾಳೀ, ಬಾರೇ! ನನ್ನ ಕೂಸಿಗೆ ಉಸಿರು ಸಾಲುತ್ತಿಲ್ಲ!"

ಗಾಳಿ ಬಂದಳು. ಕಾಲೆಳೆದುಕೊಂಡು ಬಂದು ಬಂಡೆಗೆ ಒರಗಿ ಕೂತಳು.

"ಅಕ್ಕಾ, ಮಳೆಗಾಲವೆಲ್ಲ ಮೋಡ ಹೊತ್ತು ಸೊಂಟ ಬಿದ್ದುಹೋಗಿದೆ. ನಮ್ಮವ್ವ ಕಡಲಮ್ಮನ ಮನೆಯಲ್ಲಿ ನಾಲ್ಕು ದಿನ ಮಲಗೋಣ ಅಂತ ಹೋಗಿದ್ದೆ. ನನಗೂ ತವರು ಬೇಡವಾ?"

ಬೈಯಬೇಕೆಂದುಕೊಂಡಿದ್ದ ಮಾಳವ್ವ ಅವಳ ಪಕ್ಕದಲ್ಲೇ ಕೂತಳು. ಬಾಣಂತನದಲ್ಲಿ ತನ್ನವ್ವ ಎರೆದ ಬಿಸಿನೀರು ನೆನಪಾಯಿತು.

"ಬೇಕು ಕಣವ್ವಾ, ಹೋಗಿ ಬಾ. ಇವತ್ತೊಂದು ಸಲ ಈ ಹೊಗೆ ಎತ್ತಿಬಿಡು. ನೀನು ಬರೋ ತನಕ ಬೆಂಕಿ ಕಮ್ಮಿ ಮಾಡಿಸೋದು ನನ್ನ ಜವಾಬ್ದಾರಿ."

ಗಾಳಿ ಎದ್ದು ಒಮ್ಮೆ ಬೀಸಿದಳು. ಬಯಲು ತೆರೆದುಕೊಂಡಿತು, ನದಿ ಮಿಂಚಿತು. ಚೆನ್ನಿ ಉದ್ದಕ್ಕೆ ಉಸಿರೆಳೆದುಕೊಂಡು ಹಾಲಿಗೆ ಬಾಯಿ ಹಾಕಿದಳು.

ಊರಿಗೆ ಇಳಿದ ಮಾಳವ್ವ ಮನೆಮನೆಗೂ ಹೋಗಿ ಬೆಂಕಿ ಕಮ್ಮಿ ಮಾಡಲು ಹೇಳಿದಳು.

"ನಮಗೆ ಚಳಿಯಾಗಲ್ವೇನೇ?" ಎಂದು ಮುದುಕರು ಗೊಣಗಿದರು.

"ಒಂದೇ ಬೆಂಕಿ ಸುತ್ತ ಎಲ್ಲಾ ಒತ್ತಿಕೊಂಡು ಕೂತರೆ ಯಾಕೆ ಚಳಿಯಾಗುತ್ತೆ, ಅಜ್ಜಾ?"

ಆ ಚಳಿಗಾಲ ಹಟ್ಟಿಗೆಲ್ಲ ಒಂದೇ ಬೆಂಕಿ. ಸುತ್ತ ಕೂತವರ ಮಾತು, ನಗು ಹೊಲದಾಚೆಗೂ ಕೇಳಿಸುತ್ತಿತ್ತು.

ಗಾಳಿ ಈಗಲೂ ಚಳಿಗಾಲದಲ್ಲಿ ತವರಿಗೆ ಹೋಗುತ್ತಾಳೆ. ಅದಕ್ಕೇ ಮಗೂ, ಮಾಳವ್ವ ಕೊಟ್ಟ ಮಾತು ಮರೆತು ನಾವು ವಿಪರೀತ ಹೊಗೆ ಬಿಟ್ಟ ವರ್ಷ, ಗಾಳಿ ಮರಳಿ ಬರುವ ತನಕ ಆ ಹೊಗೆ ಬಯಲಿನ ಮೇಲೆಯೇ ಮಲಗಿರುತ್ತದೆ, ಉಪಗ್ರಹ ಆಕಾಶದಿಂದ ತೆಗೆದ ಚಿತ್ರದಲ್ಲಿ ಊರು, ನದಿ ಒಂದೂ ಕಾಣದೆ ಬರೀ ಬೂದು ಬಣ್ಣ ಕಾಣಿಸುತ್ತದೆ.