ಬರಮ ಕೊಟ್ಟ ಒಂದೇ ಉತ್ತರ

"ರಾಜಕುಮಾರಿಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು, ತಪ್ಪಿದವರ ತಲೆ ಅಮಾವಾಸ್ಯೆಗೆ ಉರುಳುವುದು" ಎಂದು ಬಿಳಿಗೋಟೆಯ ದೊರೆ ಡಂಗುರ ಸಾರಿಸಿದ.

ಹೊಳೆಯಾಚೆ ಆಳುತ್ತಿದ್ದ ಸ್ವಂತ ತಮ್ಮನೊಡನೆ ಅವನಿಗೆ ಹನ್ನೆರಡು ವರ್ಷದ ಕಾದಾಟ. ಆ ವರ್ಷ ಆಚೆ ದಡದ ಬೆಳೆಯನ್ನು ಮಿಡತೆ ತಿಂದಿತ್ತು. ಹಸಿದವರು ಬಂದು ಸುಲಿಯುತ್ತಿದ್ದರು, ಈಚೆಯವರು ಹೋಗಿ ಅವರ ಗುಡಿಸಲು ಸುಡುತ್ತಿದ್ದರು. ಕಾದಾಟ ಮುಗಿಸೆಂದು ಅಪ್ಪನಿಗೆ ಹೇಳಿ ಹೇಳಿ ಬೇಸತ್ತ ಮಗಳು ಮಲ್ಲಾಜಿ ಕೊನೆಗೆ ಒಗಟು ಕಟ್ಟಿದ್ದಳು. ತಲೆದಂಡ ಮಾತ್ರ ದೊರೆಯ ಷರತ್ತು.

"ವಿದ್ಯೆಯಲ್ಲ, ಆದರೂ ಜನ ವರ್ಷಗಟ್ಟಲೆ ಸಾಧಿಸುತ್ತಾರೆ. ಏನದು?" ಎಂದಾಗ "ತಪಸ್ಸು" ಎಂದ ರಾಜಕುಮಾರ ಸೆರೆಗೆ ಹೋದ. "ಬಾಯಿ ಮುಚ್ಚಿಕೊಂಡು ಕಾಯುತ್ತದೆ, ತೆರೆದೊಡನೆ ಇಳಿದವನನ್ನು ಕೊಲ್ಲುತ್ತದೆ" ಎಂಬುದಕ್ಕೆ "ಹಾಳುಬಾವಿ" ಎಂದ ಪಂಡಿತನೂ ಹೋದ. ಹೀಗೆ ಏಳು ಮಂದಿ ಸೆರೆ ಸೇರಿದರು.

ಎಂಟನೆಯವನಾಗಿ ಬಂದ ಬರಮ ಮಣ್ಣು ಅಗೆಯುವ ಆಳು.

"ಮೊದಲನೇದು ಹಗೆ ರೀ. ಜನ ಹಗೆ ಸಾಧಿಸ್ತಾರ, ಸಾಯೋತನಕ ವೈರ ಬಿಡಂಗಿಲ್ಲ."

ಮಲ್ಲಾಜಿ ತಲೆಯೆತ್ತಿದಳು. "ಎರಡನೆಯದು?"

"ಅದೂ ಹಗೆ."

"ಹೇಳಿದ್ದನ್ನೇ ಹೇಳ್ತೀಯಲ್ಲೋ!" ಮಂತ್ರಿ ಸಿಡುಕಿದ.

"ನೆಲದಾಗ ಕಾಳು ತುಂಬಿಡೋ ಗುಂಡಿಗೂ ಹಗೆ ಅಂತಾರಲ್ರೀ! ನಮ್ಮಪ್ಪ ಅದ್ರಾಗ ಉಸಿರುಗಟ್ಟಿ ಸತ್ತ. ಗಾಳಿ ಆಡ್ಲಿ, ಆಮ್ಯಾಲ ಇಳಸ್ರಿ ಅಂತ ಬಡಕೊಂಡ್ವಿ. ಯಾರೂ ಕೇಳಲಿಲ್ಲ."

ಮಲ್ಲಾಜಿಯ ದನಿ ತಗ್ಗಿತು. "ಮೂರನೆಯದು: ಈ ರಾಜ್ಯದಲ್ಲಿ ಯಾವುದನ್ನು ತೆರೆದರೆ ಯಾವುದು ಮುಗಿಯುತ್ತದೆ?"

"ಹಗೆ ತೆಗೆದ್ರ ಹಗೆ ಮುಗೀತದ."

ಸಭೆ ಗೊಳ್ಳೆಂದಿತು. ದೊರೆ ಎದ್ದೇಬಿಟ್ಟ. "ಒಂದೇ ಮಾತು ಮೂರು ಸಲ! ತಮಾಷೆಯೇನೋ?"

ಬರಮನಿಗೂ ರೇಗಿತು. "ನಿಮ್ಮ ಹಗೆ ತೋಡಿದಾವ ನಾನಽ ರೀ ದೊರೆ. ಎಲ್ಲಾದ್ರಾಗೂ ಜೋಳ ತುಂಬೇದ. ಆಚೆ ದಂಡಿಗೆ ಮಕ್ಕಳು ಹುಲ್ಲಿನ ಬೀಜ ಕುದಿಸಿ ತಿಂತಾವ. ಹೊಟ್ಟಿ ತುಂಬಿದ್ರ ಅವರು ಯಾಕ ಬಂದು ಸುಲೀತಾರ? ಇಷ್ಟು ತಿಳಿಯಂಗಿಲ್ಲೇನ್ರಿ?"

"ಮೂರೂ ಸರಿ" ಎಂದಳು ಮಲ್ಲಾಜಿ. "ಅಪ್ಪಾಜಿ, ಆರು ತಿಂಗಳಿಂದ ನಾನು ಹೇಳುತ್ತಿರುವುದೂ ಇದನ್ನೇ."

ದೊರೆ ನಿಧಾನವಾಗಿ ಕೂತ. "ಏನು ಬೇಕು, ಕೇಳು" ಎಂದ.

"ಆ ಏಳು ಮಂದೀನ ಬಿಡ್ರಿ. ಹಗೆ ತೆಗಸ್ರಿ. ಗಾಳಿ ಆಡೋತನಕ ಯಾರನ್ನೂ ಇಳಸಬ್ಯಾಡ್ರಿ."

ಅಂದೇ ಏಳು ಮಂದಿಯನ್ನೂ ಬಿಟ್ಟು, ಬರಮನನ್ನು ಎಲ್ಲ ಹಗೆಗಳಿಗೂ ಯಜಮಾನನನ್ನಾಗಿ ಮಾಡಿದರು. ಅವನ ಅಪ್ಪಣೆಯಿಲ್ಲದೆ ಯಾವ ಆಳೂ ಇಳಿಯುವಂತಿಲ್ಲ. ಹಗೆ ತೆರೆದು ಆಚೆಯವರಿಗೂ ಜೋಳ ಕೊಡುವ ಸುದ್ದಿ ಕೇಳಿ ನಾಲ್ಕನೆಯ ದಿನ ದೊರೆಯ ತಮ್ಮ ತಾನೇ ಹೊಳೆ ದಾಟಿ ಬಂದ, ಕತ್ತಿಯಿಲ್ಲದೆ, ಖಾಲಿ ಚೀಲ ಹಿಡಿದು. ಅಣ್ಣ ಚೀಲದ ಬಾಯಿ ಅಗಲಿಸಿ ಹಿಡಿದ, ಬರಮ ಜೋಳ ಸುರಿದ.