ಕೆಂಚಿಯ ಮಗುವಿಗೆ ಒಂದು ಕಡಲೆಬೀಜ

ಹೂಂ ಅಂತೀರಾ? ಅಂದರೆ ಮಾತ್ರ ಹೇಳ್ತೀನಿ.

ಒಂದು ಬೆಕ್ಕು. ಹೆಸರು ಕೆಂಚಿ. ಕೆಂಚಿಗೆ ಒಂದು ಮಗು. ಮಗು ಅಳಿಲು.

ನಗಬೇಡಿ. ಊರೆಲ್ಲ ಆಗಲೇ ನಕ್ಕಾಗಿದೆ.

ಅಳಿಲು ಮರಿ ಬೇವಿನ ಮರದಿಂದ ಬಿದ್ದಿತ್ತು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕೆಂಚಿ ನೆಕ್ಕಿದಳು. ಹಾಲು ಕುಡಿಸಿದಳು. ಚಿನಕಿ ಅಂತ ಹೆಸರಿಟ್ಟಳು. ಅಷ್ಟೇ. ಮಗು ಅವಳದಾಯಿತು.

ಒಂದು ಬೆಳಿಗ್ಗೆ ಚಿನಕಿಗೆ ಹಲ್ಲು ಬಂತು. ಹಾಲು ಕೊಟ್ಟರೆ ಬೇಡ ಅಂತು. ಕೆಂಚಿ ಇಲಿಯ ಬಾಲ ತಂದುಕೊಟ್ಟಳು. ಒಳ್ಳೇ ಬಾಲ, ತನಗೆ ಅಂತ ಎತ್ತಿಟ್ಟಿದ್ದು. ಚಿನಕಿ "ಛೀ" ಅಂತು.

ಅಳಿಲು ಏನು ತಿನ್ನತ್ತೆ? ಬೆಕ್ಕಿಗೆ ಹೇಗೆ ಗೊತ್ತಿರಬೇಕು? ಅವರನ್ನ ಕೇಳಿ, ಇವರನ್ನ ಕೇಳಿ, ಕೆಂಚಿ ಎಣ್ಣೆ ಗಾಣದವರೆಗೂ ಹೋದಳು. ಒಂದೇ ಒಂದು ಕಡಲೆಬೀಜ ಸಿಕ್ಕಿತು. ಹಲ್ಲು ತಾಗಿಸದೆ ಬಾಯಲ್ಲಿಟ್ಟು ತಂದಳು. ತಿಪ್ಪಜ್ಜಿಯ ಜಗಲಿ ಮೇಲೆ ಇಟ್ಟಳು.

ಬೀಜ ಉರುಳಿತು. ಉರುಳುರುಳಿ ಬೀಸುವ ಕಲ್ಲಿನ ಅಡಿಗೆ ಹೋಯಿತು.

ಕೆಂಚಿ ಪಂಜ ತೂರಿಸಿದಳು. ಸಿಗಲಿಲ್ಲ. ಗಾಣಕ್ಕೆ ಆಗಲೇ ಬೀಗ ಬಿದ್ದಿತ್ತು. ಚಿನಕಿ "ಚಿಂವ್" ಅಂತು. ಅದು ಹಸಿವಿನ ಚಿಂವ್.

"ತಿಪ್ಪಜ್ಜೀ, ತಿಪ್ಪಜ್ಜೀ, ಕಲ್ಲು ಎತ್ತು. ಕಲ್ಲಿನಡಿ ಕಡಲೆಬೀಜ. ನನ್ನ ಮಗುವಿಗೆ ಹಸಿವು."

ತಿಪ್ಪಜ್ಜಿ ಕಾಲು ಚಾಚಿ ಕೂತಿದ್ದಳು. "ಬೆಕ್ಕಿಗೆ ಅಳಿಲು ಮಗುವಾ? ಆಟಕ್ಕೋ, ಊಟಕ್ಕೋ? ನಾನು ಎತ್ತಲ್ಲ, ಹೋಗೇ."

ಕೆಂಚಿ ಚಿನಕಿಯನ್ನು ಬೆನ್ನ ಮೇಲೆ ಕೂರಿಸಿಕೊಂಡಳು. ನಾಯಿಯ ಹತ್ತಿರ ಹೋದಳು.

"ಕರಿಯಣ್ಣಾ, ಕರಿಯಣ್ಣಾ, ಅಜ್ಜಿ ಚಪ್ಪಲಿ ಕಚ್ಚು. ಅಜ್ಜಿ ಕಲ್ಲು ಎತ್ತಲ್ಲ. ಕಲ್ಲಿನಡಿ ಕಡಲೆಬೀಜ. ನನ್ನ ಮಗುವಿಗೆ ಹಸಿವು."

ಕರಿಯ ನೆರಳಲ್ಲಿ ಮಲಗಿದ್ದ. ಒಂದೇ ಕಣ್ಣು ತೆರೆದ. "ಅದರ ಮೂತಿ ನೋಡು, ನಿನ್ನ ಮೂತಿ ನೋಡು. ಎಲ್ಲಾದ್ರೂ ಹೋಲಿಕೆ ಇದೆಯಾ? ನಾನು ಕಚ್ಚಲ್ಲ, ಹೋಗೇ."

ಕೆಂಚಿ ಎಮ್ಮೆಯ ಹತ್ತಿರ ಹೋದಳು.

"ಎಮ್ಮೆಯಮ್ಮಾ, ಎಮ್ಮೆಯಮ್ಮಾ, ನಾಯಿ ನೆರಳಲ್ಲಿ ಮಲಗು. ನಾಯಿ ಚಪ್ಪಲಿ ಕಚ್ಚಲ್ಲ. ಅಜ್ಜಿ ಕಲ್ಲು ಎತ್ತಲ್ಲ. ಕಲ್ಲಿನಡಿ ಕಡಲೆಬೀಜ. ನನ್ನ ಮಗುವಿಗೆ ಹಸಿವು."

ಎಮ್ಮೆ ಮೆಲುಕು ಹಾಕಿತು. ಯೋಚಿಸಿತು. ಮತ್ತೆ ಮೆಲುಕು ಹಾಕಿತು. "ನಾಳೆ ದೊಡ್ಡದಾಗತ್ತೆ. ಮರ ಹತ್ತಿ ಹೋಗತ್ತೆ. ನಿನಗ್ಯಾಕಮ್ಮ ಈ ಉಸಾಬರಿ?"

"ಹೋಗಲಿ," ಅಂದಳು ಕೆಂಚಿ. "ಹಸಿದುಕೊಂಡು ಹೋಗಬಾರದು."

"ಅದೆಲ್ಲ ನಂಗೆ ಗೊತ್ತಿಲ್ಲ. ನಾನು ಏಳಲ್ಲ, ಹೋಗೇ."

ಕೆಂಚಿ ನೊಣದ ಹತ್ತಿರ ಹೋದಳು.

"ನೊಣಪ್ಪಾ, ನೊಣಪ್ಪಾ, ಎಮ್ಮೆ ಕಿವಿಗೆ ಹೋಗು. ಎಮ್ಮೆ ನೆರಳಲ್ಲಿ ಮಲಗಲ್ಲ. ನಾಯಿ ಚಪ್ಪಲಿ ಕಚ್ಚಲ್ಲ. ಅಜ್ಜಿ ಕಲ್ಲು ಎತ್ತಲ್ಲ. ಕಲ್ಲಿನಡಿ ಕಡಲೆಬೀಜ. ನನ್ನ ಮಗುವಿಗೆ ಹಸಿವು."

ನೊಣ ಬೆಲ್ಲದ ಮೇಲೆ ಕೂತು ಕೈ ಉಜ್ಜಿಕೊಳ್ಳುತ್ತಿತ್ತು. "ಇದರ ಸ್ವಂತ ಅಮ್ಮ ಎಲ್ಲಿ?"

"ಗೊತ್ತಿಲ್ಲ. ಮಗು ಇಲ್ಲಿದೆ."

"ನಂಗೂ ಇಲ್ಲೇ ಬೆಲ್ಲ ಇದೆ. ನಾನು ಹೋಗಲ್ಲ, ನೀನು ಹೋಗೇ."

ಉಳಿದದ್ದು ಕೋಳಿ. ಕೋಳಿ ಅಂದರೆ ಕೆಂಚಿಗೆ ಭಯ. ಬೆಕ್ಕು ಕಂಡರೆ ಸಾಕು, ಆ ಕೋಳಿ ಕುಕ್ಕೋಕೆ ಬರ್ತಾಳೆ. ಆದರೆ ಬೆನ್ನ ಮೇಲೆ ಚಿನಕಿ "ಚಿಂವ್" ಅಂತು. ಈ ಸಲ ಮೆಲ್ಲಗೆ.

ಕೆಂಚಿ ಹೋದಳು. ತಮಾಷೆ ನೋಡೋಕೆ ನೊಣವೂ ಹಿಂದೆಯೇ ಬಂತು.

ಕೋಳಿ ಹೊಂಡದ ದಡದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು. ನೀರಿನಲ್ಲಿ ಎರಡು ಬಾತುಮರಿ. "ಬನ್ರೋ ಮೇಲೆ! ನೆಗಡಿ ಆಗತ್ತೆ!" ಅಂತ ಕೂಗುತ್ತಿದ್ದಳು. ಕೆಂಚಿ ದೂರದಲ್ಲೇ ನಿಂತಳು.

"ಕೋಳಿಯಕ್ಕಾ, ಕೋಳಿಯಕ್ಕಾ, ನೊಣ ಹಿಡಿ. ನೊಣ ಕಿವಿಗೆ ಹೋಗಲ್ಲ. ಎಮ್ಮೆ ನೆರಳಲ್ಲಿ ಮಲಗಲ್ಲ. ನಾಯಿ ಚಪ್ಪಲಿ ಕಚ್ಚಲ್ಲ. ಅಜ್ಜಿ ಕಲ್ಲು ಎತ್ತಲ್ಲ. ಕಲ್ಲಿನಡಿ ಕಡಲೆಬೀಜ. ನನ್ನ ಮಗುವಿಗೆ ಹಸಿವು."

ಕೋಳಿ ಬೆಕ್ಕನ್ನು ನೋಡಿದಳು. ಬೆನ್ನ ಮೇಲಿನ ಅಳಿಲನ್ನು ನೋಡಿದಳು. ಇವಳು ಏನು ಕೇಳ್ತಾಳೋ ಅಂತ ಕೆಂಚಿ ಕಿವಿ ಮಡಚಿಕೊಂಡಳು.

"ಅಲ್ಲ ಕಣೇ," ಅಂದಳು ಕೋಳಿ, "ಬೆಳಿಗ್ಗೆಯಿಂದ ನೀನು ಏನಾದ್ರೂ ತಿಂದ್ಯಾ?"

ಕೆಂಚಿ ಮಡಚಿದ ಕಿವಿ ಬಿಚ್ಚಿದಳು. ಇದನ್ನ ಯಾರೂ ಕೇಳಿರಲಿಲ್ಲ.

"ಕೊಡು ಮಗು ಇಲ್ಲಿ. ಸ್ವಲ್ಪ ಹೊತ್ತು ನನ್ನ ರೆಕ್ಕೆ ಕೆಳಗಿರಲಿ. ನೀನು ಕೂತ್ಕೋ. ಎಲ್ಲಿ ಆ ನೊಣ?"

ನೊಣ ಅವಳ ಮೂಗಿನ ಮುಂದೆಯೇ ಇತ್ತು. ಕೋಳಿ ಬಾಯಿ ತೆರೆದಳು. ಬರೀ ತೆರೆದಳು.

"ಹೋದೆ, ಹೋದೆ!" ಅಂತು ನೊಣ. ಎಮ್ಮೆ ಕಿವಿಗೆ ಹೋಯಿತು.

"ಎದ್ದೆ, ಎದ್ದೆ!" ಅಂತು ಎಮ್ಮೆ. ನಾಯಿ ನೆರಳಲ್ಲಿ ದೊಪ್ಪಂತ ಮಲಗಿತು.

"ಕಚ್ಚಿದೆ, ಕಚ್ಚಿದೆ!" ಅಂದ ಕರಿಯ. ಅಜ್ಜಿ ಚಪ್ಪಲಿ ಕಚ್ಚಿದ.

"ಎತ್ತಿದೆ, ಎತ್ತಿದೆ! ಬಿಡೋ ಕರಿಯ, ಹೊಸಾದು ಕಣೋ!" ಅಂದಳು ತಿಪ್ಪಜ್ಜಿ. ಕಲ್ಲು ಎತ್ತಿದಳು.

ಕಡಲೆಬೀಜ ಹೊರಗೆ ಬಂತು. ಕೆಂಚಿ ಒಂದೇ ನೆಗೆತಕ್ಕೆ ಜಗಲಿಗೆ ಬಂದಳು.

"ತಗೊಳ್ಳೇ ತಾಯಿ," ಅಂದಳು ತಿಪ್ಪಜ್ಜಿ, "ನಿನ್ನ ಮಗಳ ಬೀಜ."

ಮಗಳ, ಅಂದಳು. ಕೆಂಚಿಗೆ ಸರಿಯಾಗಿ ಕೇಳಿಸಿತು.

ಬೀಜ ಬಾಯಲ್ಲಿಟ್ಟು ಹೊಂಡದ ದಡಕ್ಕೆ ಓಡಿದಳು. ಚಿನಕಿ ಕೋಳಿಯ ರೆಕ್ಕೆ ಕೆಳಗಿಂದ ಹೊರಗೆ ಬಂತು. ಬೀಜವನ್ನು ಎರಡೂ ಕೈಯಲ್ಲಿ ಹಿಡಿಯಿತು. ತಿರುಗಿಸಿತು. ಮೂಸಿತು. ಕಟುಂ. ಕಟುಂ. ಕಟುಂ.

ಬಾತುಮರಿಗಳು ಇನ್ನೂ ದೂರಕ್ಕೆ ಈಜಿದವು. ಕೋಳಿ ಮತ್ತೆ ಓಡಾಡತೊಡಗಿದಳು.

"ಕೋಳಿಯಕ್ಕಾ, ನಿನಗೆ ನಾನೇನಾದ್ರೂ ಮಾಡ್ಲಾ?"

"ನೀನಾ? ನೀರಿಗೆ ಇಳೀತೀಯಾ?"

"ಅಯ್ಯಪ್ಪಾ, ಇಲ್ಲ. ನಿನ್ನ ಜೊತೆ ದಡದಲ್ಲಿ ಕೂತ್ಕೋತೀನಿ."

ಕೋಳಿ ಯೋಚಿಸಿದಳು. ಓಡಾಡೋದು ನಿಲ್ಲಿಸಿದಳು. ಕೂತಳು. ಪಕ್ಕದಲ್ಲಿ ಕೆಂಚಿ ಕೂತಳು. ಬಾತುಮರಿಗಳು ಈಜುತ್ತಲೇ ಇದ್ದವು. ಯಾರಿಗೂ ನೆಗಡಿ ಆಗಲಿಲ್ಲ.

ಬೀಜ ಚಿನಕಿಯ ಹೊಟ್ಟೆಗೆ, ಕಥೆ ನಿಮ್ಮ ಕಿವಿಗೆ.